ಚುಕ್ಕಿ ಬೀಳುವಾಗ ನಾವು ಎತ್ತ ನೋಡುತ್ತಿದ್ದೆವು

ಹಗಲು ಬೆಳಗಾವಿಯ ರವಿವಾರ ಪೇಟೆಯಲ್ಲಿ ಬೆಲ್ಲದ ಸಗಟು ವ್ಯಾಪಾರ, ರಾತ್ರಿ ಉಲ್ಕೆ ನೋಡುವ ಹುಚ್ಚು. ಇಂಥವನಿಗೆ ಈಗ ಹೇಳಲಿರುವಂಥವು ಆಗದೆ ಇನ್ನಾರಿಗೆ ಆಗಬೇಕು. ಸಣ್ಣಪುಟ್ಟ ಚುಕ್ಕಿ ಬೀಳುವುದನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಆಕಾಶವೆಲ್ಲ ಬೆಳಗಿ, ನೆಲದ ಮೇಲೆ ನಮ್ಮ ನೆರಳು ಮೂಡುವಂಥ ಬೆಂಕಿಯುಂಡೆ ಒಂದನ್ನು ಸಾಯುವುದರೊಳಗೆ ನೋಡಬೇಕೆಂಬುದು ನನ್ನ ಆಸೆ. ಅದಕ್ಕಾಗಿ ಹೆಂಡತಿಯನ್ನೂ ಮೂರ್ನಾಲ್ಕು ಗೆಳೆಯರನ್ನೂ ವರ್ಷಗಟ್ಟಲೆ ನಿದ್ದೆಗೆಡಿಸಿದ್ದೇನೆ.

ಬೆಳಕಿನ ಉಪಕಾರ

ಮೊದಮೊದಲು ಸದಾಶಿವನಗರದ ನಮ್ಮ ಮನೆಯ ಗಚ್ಚಿಯ ಮೇಲೆಯೇ ಕೂರುತ್ತಿದ್ದೆವು. ಒಮ್ಮೆ ದೀಪಗಳನ್ನೆಲ್ಲ ಆರಿಸಿ, ಕಣ್ಣು ಕತ್ತಲಿಗೆ ಹೊಂದಲಿ ಎಂದು ಅರ್ಧ ತಾಸು ಸುಮ್ಮನೆ ಕೂತೆವು. ಕಣ್ಣು ಹೊಂದಿತು. ಅಷ್ಟರಲ್ಲಿ ಬಾಜು ಮನೆಯವರು ಮೆಟ್ಟಿಲು ಹತ್ತಿ ಬಂದರು. ನಮ್ಮೊಬ್ಬರ ಮನೆಯಲ್ಲಷ್ಟೇ ಕರೆಂಟ್ ಹೋಗಿದೆ ಎಂದು ಅವರಿಗೆ ಸಂಕಟವಾಗಿ, ಚಾರ್ಜಿಂಗ್ ಲೈಟು ತಂದಿದ್ದರು. ಅದನ್ನು ನಮ್ಮ ನಟ್ಟನಡುವೆ ಇಟ್ಟು, "ಈಗ ಕಾಣಸ್ತೈತಿಲ್ರಿ?" ಎಂದರು.

ಕಾಣುತ್ತಿತ್ತು. ಒಬ್ಬರ ಮುಖ ಒಬ್ಬರಿಗೆ ಸ್ವಚ್ಛವಾಗಿ ಕಾಣುತ್ತಿತ್ತು.

ಹೊಲದ ಹಕ್ಕು

ಆಮೇಲೆ ಖಾನಾಪುರದ ಕಡೆ ಹೋಗತೊಡಗಿದೆವು. ಊರು ದಾಟಿ ಒಂದು ಕೊಯ್ಲಾದ ಹೊಲದಲ್ಲಿ ಚಾಪೆ ಹಾಸಿ ಸಾಲಾಗಿ ಮಲಗಿದ್ದಾಗ ಹೊಲದ ಮಾಲೀಕ ಬ್ಯಾಟರಿ ಹಿಡಿದು ಬಂದ. ಮೊದಲು ಮರಾಠಿಯಲ್ಲಿ ಕೇಳಿದ, ಆಮೇಲೆ ಕನ್ನಡದಲ್ಲಿ ಕೇಳಿದ. ಮೇಲಿಂದ ಚುಕ್ಕಿ ಬೀಳುವುದನ್ನು ನೋಡಲು ಬಂದಿದ್ದೇವೆ ಎಂದು ಎರಡೂ ಭಾಷೆಯಲ್ಲಿ ಹೇಳಿದೆ. ಅವನು ಬ್ಯಾಟರಿ ಆರಿಸಿದ.

"ನೋಡ್ರಿ, ಬ್ಯಾಡ ಅನ್ನೂದಿಲ್ಲ. ಆದರ ನನ್ನ ಹೊಲದಾಗ ಬಿದ್ದದ್ದು ನಂದು. ಮೊದಲ ಹೇಳಿಬಿಡ್ತೇನಿ."

ಒಪ್ಪಿದೆವು. ಬೆಳಗಿನ ತನಕ ನಮ್ಮ ಜೊತೆಗೇ ಕೂತಿದ್ದ. ಹೊರಡುವಾಗ ಮಾತ್ರ ನಮ್ಮ ಚೀಲಗಳನ್ನು ಒಮ್ಮೆ ಎತ್ತಿ ನೋಡಿದ.

ಅತ್ತೆಯ ಕಣ್ಣು

ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ಒಂದು ವರ್ಷದಿಂದ ನಮ್ಮ ಜೊತೆ ಬರುತ್ತಾರೆ. ಆಪರೇಶನ್ ಆದ ಮೇಲೆ ಅವರ ಕಣ್ಣು ನಮ್ಮೆಲ್ಲರಿಗಿಂತ ಚುರುಕು. ಎಲ್ಲಾದರೂ ಉಲ್ಕೆ ಕಂಡರೆ ಮೆಲ್ಲಗೆ "ಶಿವ ಶಿವ" ಎನ್ನುತ್ತಾರೆ. ಎಲ್ಲಿ ಎಂದು ಕೇಳಿದರೆ ಉತ್ತರವಿಲ್ಲ. ಚುಕ್ಕಿ ಬಿದ್ದದ್ದನ್ನು ನೋಡಿದವರು ಬಾಯಿಬಿಟ್ಟು ಹೇಳಬಾರದು ಎಂದು ಅವರ ಮನೆಯ ಹಿರಿಯರು ಹೇಳಿದ್ದಾರಂತೆ.

ಹಾಗಾದರೆ "ಶಿವ ಶಿವ"ಗಳನ್ನೇ ಎಣಿಸಿ ಲೆಕ್ಕ ಬರೆಯೋಣ ಎಂದು ಒಬ್ಬ ಗೆಳೆಯ ಸೂಚಿಸಿದ. ಅವತ್ತು ಬಹಳ ಒಳ್ಳೆಯ ಲೆಕ್ಕ ಸಿಕ್ಕಿತು. ಮರುದಿನ ಅತ್ತೆ ಹೇಳಿದ ಪ್ರಕಾರ ಅದರಲ್ಲಿ ಅರ್ಧ ಸೊಂಟ ನೋವಿನವು.

ಗ್ರೂಪ್ ಫೋಟೊ

ಮೊನ್ನೆ ಚಳಿಗಾಲದಲ್ಲಿ ಅದೇ ಹೊಲ. ರಾತ್ರಿಯಿಡೀ ಹೇಳಿಕೊಳ್ಳುವಂಥದ್ದೇನೂ ಬೀಳಲಿಲ್ಲ. ಇನ್ನು ಹೊರಡೋಣ, ಒಂದು ಫೋಟೊ ಆದರೂ ಇರಲಿ ಎಂದೆ. ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ ಅತ್ತೆಯ ಕೈಗೆ ಫೋನು ಕೊಟ್ಟು, ನಾವೆಲ್ಲ ಗುಡ್ಡಕ್ಕೆ ಬೆನ್ನು ಮಾಡಿ ಸಾಲಾಗಿ ನಿಂತೆವು.

"ಎಲ್ಲಾರೂ ನನ್ನ ಕಡೆ ನೋಡ್ರಿ. ಅತ್ತಾಗ ಇತ್ತಾಗ ನೋಡಬ್ಯಾಡ್ರಿ," ಎಂದರು ಅತ್ತೆ.

ನೋಡಿದೆವು. ಆಗಲೇ ನಮ್ಮ ನೆರಳುಗಳು ನಮ್ಮ ಮುಂದೆಯೇ ನೆಲದ ಮೇಲೆ ಉದ್ದಕ್ಕೆ ಬಿದ್ದವು. ಅತ್ತೆಯ ಮುಖ ಹಗಲಿನಂತೆ ಕಂಡಿತು. ಅವರ ಕನ್ನಡಕದ ಎರಡೂ ಗಾಜಿನಲ್ಲಿ ಹಸಿರು ಗೆರೆಯೊಂದು ಈ ತುದಿಯಿಂದ ಆ ತುದಿಗೆ ಹೋಯಿತು. ನಾವು ತಿರುಗುವಷ್ಟರಲ್ಲಿ ಅಲ್ಲಿ ಗುಡ್ಡವಿತ್ತು, ಕತ್ತಲೆಯಿತ್ತು.

"ಶಿವ ಶಿವ," ಎಂದರು ಅತ್ತೆ. ಫೋಟೊ ಒತ್ತಿರಲಿಲ್ಲ.

ನನಗೆ ಅಳುವುದೊಂದೇ ಬಾಕಿ. ಬೆಳಗಾವಿ ಮುಟ್ಟುವ ತನಕ ಬೇಡಿಕೊಂಡೆ. ಎಷ್ಟು ದೊಡ್ಡದಿತ್ತು, ಬಾಲ ಇತ್ತೇ, ಒಡೆಯಿತೇ. ಅತ್ತೆ ಬಾಯಿ ಬಿಡಲಿಲ್ಲ. ನನಗೂ ಎಲ್ಲೋ ಸ್ವಲ್ಪ ಗೌರವವೇ ಹುಟ್ಟಿತು.

ಅಂದೇ ಹತ್ತು ಗಂಟೆಗೆ ಅಂಗಡಿಯ ಶಟರ್ ಎತ್ತುತ್ತಿದ್ದೆ. ಎದುರಿನ ಅಂಗಡಿಯವರು, ಅವರು ಅತ್ತೆಗೆ ದೂರದ ಸಂಬಂಧ, ಬಹಳ ಮರುಕದಿಂದ ಕೇಳಿದರು. ಅಷ್ಟು ವರ್ಷ ಕಾದು, ಬಂದ ಹೊತ್ತಿಗೆ ಸರಿಯಾಗಿ ಬೆನ್ನು ತಿರುಗಿಸಿ ನಿಂತಿದ್ದೆನಂತೆ, ಹೌದೇ? ಮಧ್ಯಾಹ್ನದೊಳಗೆ ಇಡೀ ಪೇಟೆ ಕೇಳಿತು.

ಊಟಕ್ಕೆ ಮನೆಗೆ ಹೋದವನೇ ಅತ್ತೆಯ ಮುಂದೆ ನಿಂತೆ. ಹೇಳಬಾರದು ಎಂದವರು ಎಲ್ಲರಿಗೂ ಫೋನ್ ಮಾಡಿದ್ದು ಹೇಗೆ ಎಂದೆ.

ಅತ್ತೆ ರೊಟ್ಟಿ ಬಡಿಸುತ್ತಲೇ ಹೇಳಿದರು: "ನೋಡಿದ್ದು ಹೇಳಬಾರದು, ಖರೇ. ಯಾರು ನೋಡಲಿಲ್ಲ ಅನ್ನೂದು ಹೇಳಬಾರದಂತ ಯಾರೂ ಹೇಳಿಲ್ಲಲ್ರಿ."