ಅಳಿಯನ ನಾಲ್ಕು ಮೊಟ್ಟೆ

ಚಳಿಗಾಲದಲ್ಲಿ ಊರ ಕೋಳಿಗಳೆಲ್ಲ ರಜೆ ಹಾಕಿ ಕೂತರೂ ತನ್ನ ಹಿತ್ತಿಲ ಕೋಳಿಗಳು ಮಾತ್ರ ಬುಟ್ಟಿ ತುಂಬ ಮೊಟ್ಟೆ ಕೊಡುತ್ತವೆ ಎಂದು ಫಿಂಟನ್ ಅಕ್ಟೋಬರ್‌ನಲ್ಲೇ ಘೋಷಿಸಿಬಿಟ್ಟ! ಘೋಷಿಸಿದ್ದು ಐರ್ಲೆಂಡಿನ ಕಾರ್ಕ್ ಸೀಮೆಯ ತನ್ನ ಹಳ್ಳಿಯ ಪಬ್‌ನಲ್ಲಿ, ಎಲ್ಲರ ಎದುರು. ಅವನ ಲೆಕ್ಕವೇನೂ ತಪ್ಪಲ್ಲ. ಹಗಲು ಮೊಟಕಾದಂತೆ ಮುದಿ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸುತ್ತವೆ. ವಸಂತದಲ್ಲಿ ಹುಟ್ಟಿದ ಹರೆಯದ ಕೋಳಿಗಳು ಚೊಚ್ಚಲ ಮೊಟ್ಟೆ ಇಡುವುದೇ ಆ ಚಳಿಯಲ್ಲಿ. ಆದರೆ ಈ ಸಂಗತಿಯನ್ನು ಅವನ ಕೋಳಿಗಳಿಗೆ ಯಾರೂ ತಿಳಿಸಿದ ಹಾಗಿರಲಿಲ್ಲ.

ಆ ವರ್ಷದ ವಸಂತದ ಮರಿಗಳಾದ ನಾಲ್ಕು ಕೋಳಿಗಳನ್ನೂ ಅವನು ಅಂಗೈಯಲ್ಲಿಟ್ಟು ಸಾಕಿದ್ದ. ಅತ್ತೆ ಗೊಬ್ನೆಟ್‌ಳ ನಾಲ್ವರು ತಂಗಿಯರ ಹೆಸರನ್ನೇ ಅವಕ್ಕೂ ಇಟ್ಟಿದ್ದ: ಡೀಲಿಯಾ, ಬ್ರೀಡಾ, ನೆಲ್, ಪೆಗ್. ಗೌರವಕ್ಕೆ ಎಂದು ಅವನು ಹೇಳಿಕೊಂಡರೂ, ನಡಿಗೆ ನೋಡಿ ಇಟ್ಟದ್ದೆಂದು ಹೆಂಡತಿ ನೊರೀನ್‌ಗೆ ಗೊತ್ತಿತ್ತು. ಪೆಗ್ ಅಂತೂ ದಿನಾ ಬೆಳಿಗ್ಗೆ ಅವನ ಬೂಟಿನ ಮೇಲೆ ಹತ್ತಿ ನಿಂತರೆ ಇಳಿಯುತ್ತಿರಲಿಲ್ಲ.

ನವೆಂಬರ್ ಹೋಯಿತು, ಕ್ರಿಸ್‌ಮಸ್ ಬಂತು, ಗೂಡಿನಲ್ಲಿ ಬರೀ ಹುಲ್ಲು. ಹಬ್ಬಕ್ಕೆ ಬಂದ ಅತ್ತೆ ಒಂದೊಂದರ ಬೆನ್ನ ಮೇಲೂ ಕೈಯಿಟ್ಟು ನೋಡಿದಳು. ಮೊಟ್ಟೆಗೆ ಬಂದ ಕೋಳಿಯಾದರೆ ಕೈ ತಾಗಿದ ಕೂಡಲೇ ತೆಪ್ಪಗೆ ಕುಕ್ಕರಿಸುತ್ತದೆ. ಇವು ನಾಲ್ಕೂ ಕೊಕ್ಕೊಕ್ಕೋ ಎಂದು ಪರಾರಿ!

"ದಂಡಪಿಂಡಗಳು," ಅಂದಳು ಅತ್ತೆ. "ಹೆಂಗಸರ ಕ್ರಿಸ್‌ಮಸ್ ತನಕ ನೋಡೋಣ. ಅಷ್ಟರಲ್ಲಿ ಮೊಟ್ಟೆ ಕಾಣ್ಲಿಲ್ಲ ಅಂದ್ರೆ ನಾಲ್ಕನ್ನೂ ಸಾರು ಮಾಡಿ ಬಡಿಸು. ಅವತ್ತು ಹೇಗೂ ಅಡುಗೆ ನಿಂದೇ ಅಲ್ವಾ."

ಜನವರಿ ಆರರ ಆ ಹಬ್ಬದಂದು ಅಲ್ಲಿನ ಹೆಂಗಸರು ಒಂದು ಲೋಟವನ್ನೂ ಎತ್ತಿಡುವುದಿಲ್ಲ; ಒಲೆ, ಪಾತ್ರೆ, ಪೊರಕೆ ಎಲ್ಲವೂ ಗಂಡಸರ ಪಾಲು. ಅಂದರೆ ಪೆಗ್‌ಳನ್ನು ಫಿಂಟನ್ ತಾನೇ ಕೈಯಾರೆ ಕೊಯ್ದು, ತಾನೇ ಬೇಯಿಸಿ, ಅದೇ ಹೆಸರಿನ ಚಿಕ್ಕತ್ತೆಗೆ ಬಡಿಸಬೇಕು! ಅಮ್ಮ ತಮಾಷೆಗೆ ಅಂದದ್ದು ಎಂದು ನೊರೀನ್ ಸಮಾಧಾನ ಹೇಳಿದಳು. ಮದುವೆಯಾದಾಗಿನಿಂದ ಅತ್ತೆ ತಮಾಷೆ ಮಾಡಿದ್ದನ್ನು ಫಿಂಟನ್ ಕಂಡಿರಲಿಲ್ಲ.

ಅಲ್ಲಿಂದ ಮೊಟ್ಟೆಕಾಮೇಷ್ಟಿ ಯಾಗ ಶುರುವಾಯಿತು. ಗೂಡಿಗೆ ದೀಪ ಬಂತು, ಬೇಸರ ಕಳೆಯಲು ರೇಡಿಯೋ ಬಂತು, ಹೊತ್ತುಹೊತ್ತಿಗೆ ಬಿಸಿಬಿಸಿ ಓಟ್ಸ್ ಗಂಜಿ ಬಂತು.

"ನಂಗೆ ಜ್ವರ ಬಂದಾಗ ಈ ಗಂಜಿ ಎಲ್ಲಿತ್ತು?" ಎಂದು ನೊರೀನ್ ಕೇಳಿದಳು.

"ನಿನ್ನನ್ನ ಯಾರೂ ಸಾರು ಮಾಡ್ತೀನಿ ಅಂದಿರ್ಲಿಲ್ಲವಲ್ಲ," ಅಂದ ಫಿಂಟನ್.

ಕೋಳಿಗಳು ಗಂಜಿ ಮುಗಿಸಿದವು, ವಾರ್ತೆ ಕೇಳಿದವು, ದೀಪದ ಬೆಳಕಿನಲ್ಲಿ ಗರಿ ತಿದ್ದಿಕೊಂಡವು. ಹಬ್ಬದ ಮುನ್ನಾದಿನ ಫಿಂಟನ್ ಬೇರೆ ದಾರಿ ಕಾಣದೆ, ಗುರುತಿನವರು ಯಾರೂ ಸಿಗದ ಪೇಟೆಗೆ ಹೋಗಿ ಅಂಗಡಿ ಮೊಟ್ಟೆ ತಂದ. ನೋಡಿದರೆ ಒಂದೊಂದರ ಮೇಲೂ ಕೆಂಪು ಮುದ್ರೆ! ಯಾವ ಕೋಳಿಯೂ ಮುದ್ರೆ ಒತ್ತಿ ಮೊಟ್ಟೆ ಇಡುವುದಿಲ್ಲವೆಂಬಷ್ಟು ಜ್ಞಾನ ಅವನಿಗಿತ್ತು. ಕೊಟ್ಟಿಗೆಯಲ್ಲಿ ಕೂತು ನಿಂಬೆಹೋಳಿನಿಂದ ತಿಕ್ಕಿ ತಿಕ್ಕಿ ಅಳಿಸಿದ. ಮರುದಿನ ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವ ನೆಪದಲ್ಲಿ, ತಲೆಗೊಂದರಂತೆ ನಾಲ್ಕನ್ನು ಹುಲ್ಲಿನಲ್ಲಿ ಜೋಡಿಸಿ ಬಂದ.

ಅತ್ತೆ ತನ್ನ ತಂಗಿಯರ ದಂಡು ಸಮೇತ ಬಂದು ಒಲೆಯ ಮುಂದೆ ಕಾಲು ಚಾಚಿದಳು. ನೊರೀನ್‌ಳ ಹೂವಿನ ಏಪ್ರನ್ ತೊಟ್ಟ ಫಿಂಟನ್ ಎಲ್ಲರಿಗೂ ಚಹಾ ಕೊಟ್ಟು, ಎದೆಯುಬ್ಬಿಸಿ ಅತ್ತೆಯನ್ನು ಹಿತ್ತಿಲಿಗೆ ಕರೆದೊಯ್ದು, ಗೂಡಿನ ಮುಚ್ಚಳ ಎತ್ತಿದ.

ಒಳಗೆ ಐದು ಮೊಟ್ಟೆ! ನಾಲ್ಕು ದಪ್ಪ, ನಡುವೆ ಒಂದು ಗೋಲಿಗಿಂತ ತುಸು ದೊಡ್ಡದು. ಫಿಂಟನ್ ಇನ್ನೊಮ್ಮೆ ಎಣಿಸಿದ. ನಾಲ್ಕು ಕೋಳಿಗೆ ಒಂದೇ ಬೆಳಿಗ್ಗೆ ಐದು ಮೊಟ್ಟೆ ಎಂದರೆ ಯಾರು ನಂಬುತ್ತಾರೆ? ಒಂದನ್ನು ಸಾಗಹಾಕಲೇಬೇಕು.

"ಇದು ನಮ್ಮದಲ್ಲ ಅತ್ತೆ," ಎಂದು ಚಿಕ್ಕದನ್ನು ಎತ್ತಿಕೊಂಡ. "ಯಾವುದೋ ಪಾರಿವಾಳ ಬಂದು ಇಟ್ಟು ಹೋಗಿದೆ." ಬೇಲಿಯಾಚೆ ಎಸೆಯಲು ಕೈ ಎತ್ತಿದ.

ಅತ್ತೆ ಅವನ ಮಣಿಕಟ್ಟು ಹಿಡಿದಳು. "ಬಿಸಿ ಇದೆ, ಗೊತ್ತಾಗಲ್ವೇನೋ? ಚೊಚ್ಚಲದ್ದು ಇಷ್ಟೇ ಇರೋದು." ಆಮೇಲೆ ದಪ್ಪದೊಂದನ್ನು ಮೂಗಿಗೆ ಹಿಡಿದಳು. "ತಣ್ಣಗಿರೋ ಈ ನಾಲ್ಕೂ ನಿಂಬೆಹಣ್ಣಿನ ವಾಸನೆ ಹೊಡೀತಿವೆ."

ಅತ್ತೆ ಬಗ್ಗಿ ಪೆಗ್‌ಳ ಬೆನ್ನ ಮೇಲೆ ಕೈಯಿಟ್ಟಳು. ಪೆಗ್ ತೆಪ್ಪಗೆ ಕುಕ್ಕರಿಸಿತು.

"ಸಾರು..." ಎಂದು ತೊದಲಿದ ಫಿಂಟನ್.

"ಹೆಂಗಸರ ಹಬ್ಬದ ದಿನ ಬಾಣಂತಿನ ಯಾರಾದ್ರೂ ಸಾರು ಮಾಡ್ತಾರಾ? ಉಳಿದ ಮೂವರದ್ದೂ ಇನ್ನೇನು ಬರುತ್ತೆ, ಬಿಡು."

ಫಿಂಟನ್‌ಗೆ ಕಣ್ಣು ತುಂಬಿ ಬಂತು. ಪೆಗ್‌ಳನ್ನು ಎತ್ತಿ ಮುದ್ದಾಡಿ, ಮೂಗೊರೆಸಿಕೊಂಡು, ಆಲೂಗಡ್ಡೆ ಬೇಯಿಸಲು ಒಳಗೆ ಓಡಿದ. ಹಿಂದೆಯೇ ಬಂದ ಅತ್ತೆ ತಂಗಿಯರಿಗೆಲ್ಲ ಗುಟ್ಟು ಬಿಚ್ಚಿಟ್ಟು, ಒಲೆಯ ಮುಂದೆ ಒಂದು ಕುರ್ಚಿ ಎಳೆದಳು.

"ನೀನೆಲ್ಲಿಗೆ ಹೊರಟೆ, ಅಳಿಯ ದೇವರೇ? ಪೆಗ್‌ಳದ್ದು ಒಂದು, ನಿಂದು ನಾಲ್ಕು. ಸುಸ್ತಾಗಿರುತ್ತೆ, ಬಾ, ನಮ್ಮ ಜೊತೆ ಕೂತ್ಕೋ."

ಎಂದು ಅವನ ಬೆನ್ನ ಮೇಲೆ ಕೈಯಿಟ್ಟಳು. ಫಿಂಟನ್ ತೆಪ್ಪಗೆ ಕುಕ್ಕರಿಸಿದ.