ನಾಲ್ಕು ಮೋಟಾರಿನ ಯಂತ್ರಮಾನವ

"ಈ ಸಲ ಮೊದಲನೇ ಬಹುಮಾನ ಮಸ್ಕಿಗೆ ತರ್ಲಿಲ್ಲಂದ್ರ ನನ್ನ ಹೆಸರು ಅಮರಗುಂಡಪ್ಪನ ಅಲ್ಲ!"

ವಿಜ್ಞಾನದ ಮೇಷ್ಟ್ರು ಹೀಗೆ ತಾಟಿನ ಮುಂದೆ ಕೂತು ಘೋಷಿಸಿದಾಗ, ಹೆಂಡತಿ ಗುರುಲಿಂಗಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತಾ, "ಹಂಗಾದ್ರ ಹೊಸಾ ಹೆಸರೊಂದು ಹುಡುಕಿ ಇಟ್ಟಿರ್ತೀನ್ರಿ" ಎಂದರು.

ಅದು ತೊಂಬತ್ತಮೂರನೇ ಇಸವಿ. ಲಿಂಗಸುಗೂರಿನಲ್ಲಿ ಮೇಷ್ಟ್ರುಗಳಿಗಾಗಿಯೇ ಯಂತ್ರಮಾನವ ಸ್ಪರ್ಧೆ ಏರ್ಪಾಡಾಗಿತ್ತು. ಯಂತ್ರಮಾನವ ಅರ್ಧ ಸೇರು ಅಕ್ಕಿ ಹೊತ್ತು ಇಳಿಜಾರು ಹಲಗೆ ಏರಬೇಕು. ಟಾರ್ಚಿನ ಸೆಲ್ಲು ನಾಲ್ಕೇ ಇರಬೇಕು. ಮೋಟಾರು ಮಾತ್ರ ಎಷ್ಟಾದರೂ ಹಾಕಿಕೊಳ್ಳಬಹುದು! ಹಿಂದಿನ ವರ್ಷ ವಿಜ್ಞಾನ ಪ್ರದರ್ಶನದ ಬಹುಮಾನ ಹೊಡೆದವರು ಸಂತೆಕಲ್ಲೂರಿನ ಮಕ್ತುಮ್‌ಸಾಬ್ ಮೇಷ್ಟ್ರು. ಆ ಬಹುಮಾನದ ಕಥೆಯನ್ನು ಅಮರಗುಂಡಪ್ಪನವರು ದಿನಾ ಅವರ ಜೊತೆ ಒಂದೇ ಬಸ್ಸಿನಲ್ಲಿ ಓಡಾಡುತ್ತಾ ವರ್ಷಪೂರ್ತಿ ಕೇಳಿ ಸುಸ್ತಾಗಿದ್ದರು.

ಎಣ್ಣೆ ಡಬ್ಬಿಯ ಹೊಟ್ಟೆ, ಚಹಾಪುಡಿ ಡಬ್ಬಿಯ ತಲೆ, ಹಣೆಗೆ ಮೂರು ಪಟ್ಟಿ ವಿಭೂತಿ. ಯಂತ್ರಮಾನವ ಸಿದ್ಧನಾದ. ಸಿಂಧನೂರಿನ ರೇಡಿಯೋ ರಿಪೇರಿ ಪೀರ್‌ಸಾಬ್ ಹಳೆಯ ಟೇಪ್‌ ರೆಕಾರ್ಡರುಗಳಿಂದ ಬಿಚ್ಚಿದ ಎರಡು ಮೋಟಾರು ಕೊಟ್ಟ. ಕೊಟ್ಟವನು ಸುಮ್ಮನಿದ್ದನೇ?

"ಮಕ್ತುಮ್‌ಸಾಬ್ರು ಮೂರು ಒಯ್ದಾರ್ರಿ ಸರ."

ಮೇಷ್ಟ್ರು ತಮ್ಮ ಎರಡನ್ನು ಇನ್ನೊಮ್ಮೆ ಎಣಿಸಿ ನೋಡಿದರು. ಹದಿನಾಲ್ಕು ವರ್ಷ ವಿದ್ಯುತ್ತಿನ ಪಾಠ ಮಾಡಿದ ಆ ಮಹಾಶಯರು ಸೂತ್ರ ನೆನಪಿಸಿಕೊಳ್ಳಬಹುದಿತ್ತು. ಆದರೆ ನೆನಪಾದದ್ದು ಎರೆ ಹೊಲ! ಒಂದು ಜೋಡಿ ಎತ್ತಿಗೆ ನೇಗಿಲು ಜಗ್ಗದಿದ್ದರೆ ಇನ್ನೊಂದು ಜೋಡಿ ಹೂಡುತ್ತಾರಲ್ಲ? ಹಾಗಾದರೆ ನಾಲ್ಕು ಮೋಟಾರು! ತೀರ್ಮಾನವಾಗಿ ಹೋಯಿತು.

ಮೂರನೆಯದು ಮನೆಯಲ್ಲೇ ಸಿಕ್ಕಿತು. ಅದು ಗುರುಲಿಂಗಮ್ಮ ತವರಿನಿಂದ ತಂದ ಟೇಪ್‌ ರೆಕಾರ್ಡರಿನ ಹೊಟ್ಟೆಯೊಳಗಿತ್ತು. ಮಧ್ಯಾಹ್ನ ಕೆಲಸ ಮುಗಿಸಿ, ತಮ್ಮ ಮದುವೆಯ ಸೋಬಾನೆ ಪದದ ಕ್ಯಾಸೆಟ್ಟು ಹಾಕಿಕೊಂಡು ಕೂರುವುದು ಆಕೆಯ ಒಂದೇ ಸುಖ. ಮಾಡುತ್ತಿರುವುದು ತಪ್ಪೆಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸ್ಕ್ರೂ ಡ್ರೈವರು ನಿಲ್ಲಲಿಲ್ಲ.

"ಟೇಪಿನ ಸ್ಪೀಡು ತಪ್ಪ್ಯಾದ. ಎಂಟು ದಿನ ಹಚ್ಚಬ್ಯಾಡ" ಎಂದರು.

"ಆಗ್ಲಿ ತಗೋರಿ" ಎಂದರು ಗುರುಲಿಂಗಮ್ಮ.

ಮರುದಿನ ಮುಕ್ಕುಂದಕ್ಕೆ ಹೋಗಿ ಹೆಂಡತಿಯ ಅಣ್ಣ ಸೂಗಪ್ಪನ ಟೇಪನ್ನೂ "ಚೆಕ್ ಮಾಡಿ ಕೊಡ್ತೀನಿ" ಎಂದು ತಂದರು. ನಾಲ್ಕನೆಯದೂ ಕೂತಿತು. ಹೊರೆಯಿಲ್ಲದೆ ಬರಿಮೈಯಲ್ಲಿ ಯಂತ್ರಮಾನವ ಪಡಸಾಲೆಯ ಬಂಡೆಯ ಮೇಲೆ ಒಂದು ಮಾರು ನಡೆದ. ಸೆಲ್ಲು ಸವೆದಾವೆಂದು ಅಕ್ಕಿ ಹೊರಿಸಿ ನೋಡಲೇ ಇಲ್ಲ. ಗೆದ್ದೇಬಿಟ್ಟೆನೆಂಬ ಸಂಭ್ರಮದಲ್ಲಿ, "ನೀನೂ ಬಾ, ಬಹುಮಾನ ತಗೊಳ್ಳೋದು ನೋಡೀಯಂತ" ಎಂದು ಹೆಂಡತಿಯನ್ನೂ ಬಸ್ಸು ಹತ್ತಿಸಿದರು.

ಲಿಂಗಸುಗೂರಿನ ಸಭಾಂಗಣ ತುಂಬಿತ್ತು. ಮಕ್ತುಮ್‌ಸಾಬರ ಮೂರು ಮೋಟಾರಿನ ಯಂತ್ರ ಅರ್ಧ ಹಲಗೆ ಏರಿ, ಯಾಕೋ ಮನಸ್ಸು ಬದಲಿಸಿ, ಗಿರಕ್ಕನೆ ತಿರುಗಿ ಒಡೆಯನ ಕಾಲಿಗೇ ಬಂದು ಬಿತ್ತು. ಅಮರಗುಂಡಪ್ಪನವರು ಮೀಸೆಯೊಳಗೇ ನಕ್ಕು ತಮ್ಮ ವೀರನ ಗುಂಡಿ ಒತ್ತಿದರು.

ಗುಂಯ್‌ಯ್‌ಯ್!

ಅಷ್ಟೇ. ನಾಲ್ಕು ಮೋಟಾರೂ ಒಟ್ಟಿಗೆ ನರಳಿದವು. ಯಂತ್ರಮಾನವ ಅಕ್ಕಿ ಹೊತ್ತು, ವಿಭೂತಿ ಧರಿಸಿ, ಧ್ಯಾನಕ್ಕೆ ಕೂತಂತೆ ನಿಂತೇಬಿಟ್ಟ. ಮೇಷ್ಟ್ರು ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರು.

"ಇನ್ನೊಂದು ಅವಕಾಶ ಐತ್ರಿ. ಹತ್ತು ನಿಮಿಷ" ಎಂದರು ತೀರ್ಪುಗಾರರು.

ಹೆಂಗಸರ ಸಾಲಿನಿಂದ ಗುರುಲಿಂಗಮ್ಮ ನಿಧಾನವಾಗಿ ಎದ್ದು ಬಂದರು.

"ಸೆಲ್ಲ ಎಷ್ಟು ಹಾಕೀರಿ?"

"ನಾಕು."

"ಎರಡು ಮೋಟಾರ ಇದ್ದಾಗ?"

"ಆಗೂ ನಾಕ."

"ಅಂದ್ರ ಎರಡೆತ್ತು ಇದ್ದದ್ದು ನಾಕ ಮಾಡೀರಿ, ಮೇವು ಮಾತ್ರ ಅಷ್ಟ ಇಟ್ಟೀರಿ! ನಮ್ಮಪ್ಪ ಹಿಂಗ ಮಾಡಿದ್ರ ಎತ್ತು ಹೊಲದಾಗ ಮಲಗ್ತಿದ್ವು. ಎರಡು ಬಿಚ್ರಿ."

ಹದಿನಾಲ್ಕು ವರ್ಷದ ಪಾಠ ಮೇಷ್ಟ್ರ ತಲೆಗೆ ಆಗ ಹತ್ತಿತು. ಸ್ಕ್ರೂ ಡ್ರೈವರು ಹಿಡಿದು, "ಯಾವ ಎರಡು?" ಎಂದರು.

"ನಂದೊಂದು, ನಮ್ಮಣ್ಣಂದೊಂದು."

ಸ್ಕ್ರೂ ಡ್ರೈವರು ಕೆಳಗೆ ಬಿತ್ತು. "ನಿನಗ... ಗೊತ್ತಿತ್ತಾ?"

"ಅವತ್ತ ಟೇಪು ಎತ್ತಿಟ್ಟಾಗ ಗೊತ್ತಾತ್ರಿ. ಸ್ಪೀಡು ತಪ್ಪಿದ ಟೇಪು ಹಗುರ ಆಗ್ತದೇನು? ಲಗೂನ ಬಿಚ್ರಿ, ಆಮ್ಯಾಲ ನಾಚ್ಕೋರಿ."

ಮೇಷ್ಟ್ರು ಬಿಚ್ಚಿದರು. ಎರಡು ಮೋಟಾರು ಗುರುಲಿಂಗಮ್ಮನ ಸೆರಗಿನ ಗಂಟಿಗೆ ಸೇರಿದವು. ಗುಂಡಿ ಒತ್ತಿದರೆ, ಯಂತ್ರಮಾನವ ತಲೆ ಅಲ್ಲಾಡಿಸುತ್ತಾ ಅಕ್ಕಿ ಹೊತ್ತುಕೊಂಡು ಹಲಗೆಯ ತುದಿ ಮುಟ್ಟಿಯೇಬಿಟ್ಟ! ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮಕ್ತುಮ್‌ಸಾಬರು. ಅಮರಗುಂಡಪ್ಪನವರಿಗೆ ಅದೂ ಸ್ವಲ್ಪ ಚುಚ್ಚಿತು.

ಬಹುಮಾನ ಕೊಡುವಾಗ ತೀರ್ಪುಗಾರರು, "ಎಲ್ಲಾರೂ ಮೋಟಾರು ಹೆಚ್ಚು ಮಾಡಾಕತ್ತಾರ, ನೀವೊಬ್ರ ಕಡಿಮಿ ಮಾಡಿದ್ರಿ. ಎರಡ ಸಾಕಂತ ಹ್ಯಾಂಗ ಹೇಳಿದ್ರಿ ಸರ?" ಎಂದು ಮೈಕು ಮುಂದೆ ಹಿಡಿದರು.

ಮೇಷ್ಟ್ರು ಎದೆ ತುಂಬ ಗಾಳಿ ಎಳೆದುಕೊಂಡರು. ಸೂತ್ರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಣ್ಣು ಸೆರಗಿನ ಗಂಟಿನ ಮೇಲೆ ಬಿತ್ತು. ಗಾಳಿಯೆಲ್ಲ ಹೊರಗೆ ಹೋಯಿತು.

"ಅದು... ಹೇಳಿದವರು ನಮ್ಮ ಮನಿಯವರ್ರಿ."

ತೀರ್ಪುಗಾರರು ಬೆರಗಾಗಿ ಅತ್ತ ತಿರುಗಿದರು. "ಹೌದೇನಮ್ಮಾ? ನೀವೂ ವಿಜ್ಞಾನ ಓದೀರೇನು?"

"ಇಲ್ರೀ ಸರ" ಎಂದರು ಗುರುಲಿಂಗಮ್ಮ ಮೈಕಿನಲ್ಲೇ, "ಟೇಪು ನಂದ್ರಿ."