ಉಂಗುರದ ಬೆರಳಿನ ಶೈಲಿ

ತನಗೆ ಬಾರದ ವಿದ್ಯೆಯನ್ನು ಇನ್ನೊಬ್ಬರಿಗೆ ಹೇಳಿಕೊಡುವುದು ಅಂಥ ಕಷ್ಟದ ಕೆಲಸವಲ್ಲ. ಈಜು ಬಾರದವರು ದಡದ ಮೇಲೆ ನಿಂತು ಈಜು ಕಲಿಸಿದ್ದನ್ನೂ, ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದವರು ಪಕ್ಕದ ಸೀಟಿನಲ್ಲಿ ಕುಳಿತು ಕಾರು ಕಲಿಸಿದ್ದನ್ನೂ ನಾನು ಕಂಡಿದ್ದೇನೆ. ಕಷ್ಟವಿರುವುದು ತಾನೇ ಮಾಡಿದ್ದನ್ನು ಕಲಿಸುವುದರಲ್ಲಿ. ನನ್ನ ಹೆಂಡತಿ ಮಾಡುವ ಅಪ್ಪೆಹುಳಿಗೆ, ಅಂದರೆ ಊಟದ ಕೊನೆಗೆ ಕೈಯಲ್ಲಿ ಹಾಕಿಸಿಕೊಂಡು ಕುಡಿಯುವ ಮಾವಿನಕಾಯಿಯ ತಿಳಿಹುಳಿಗೆ, ನೆಂಟರಲ್ಲಿ ಒಳ್ಳೆಯ ಹೆಸರಿದೆ. ಉಪ್ಪು ಎಷ್ಟು ಹಾಕಿದೆ ಎಂದು ಯಾರಾದರೂ ಕೇಳಿದರೆ "ಬೇಕಾದಷ್ಟು" ಎನ್ನುತ್ತಾಳೆ. ನೀರು ಎಷ್ಟು ಎಂದರೆ "ಸಾಕಾಗುವಷ್ಟು" ಎನ್ನುತ್ತಾಳೆ. ಅವಳು ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ಅತ್ತಿಗೆಯೊಬ್ಬಳು ಆರು ತಿಂಗಳು ಮಾತು ಬಿಟ್ಟಿದ್ದಳು. ಗುಟ್ಟೂ ಇಲ್ಲ, ಮಣ್ಣೂ ಇಲ್ಲ, ಅವಳಿಗೇ ಗೊತ್ತಿಲ್ಲ ಎಂಬುದು ನನಗೆ ಅರ್ಥವಾದದ್ದು ನಾನೂ ಮೇಷ್ಟ್ರಾದ ಮೇಲೆ.

ನಾನು ಶಿರಸಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು. ಅದು ಹೊಟ್ಟೆಪಾಡು. ಉಳಿದ ಹೊತ್ತಿನಲ್ಲಿ 'ಮೂರು ತಾಲೂಕು' ಎಂಬ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತೇನೆ. ಹೆಸರಿನ ಹಿಂದೆ ದೊಡ್ಡ ಆಲೋಚನೆಯೇನಿಲ್ಲ. ಹಾಡುವ ವಿನುತಾ ಸಿದ್ದಾಪುರದ ಹೈಸ್ಕೂಲಿನಲ್ಲಿ ಕನ್ನಡ ಟೀಚರು, ಡ್ರಮ್ ಬಾರಿಸುವ ರಫೀಕ್ ಯಲ್ಲಾಪುರದ ಹೈವೇ ಪಕ್ಕದಲ್ಲಿ ಲಾರಿ ಟಯರಿನ ಅಂಗಡಿಯವನು, ನಾನು ಇಲ್ಲಿಯವನು. ಅಭ್ಯಾಸ ಎಲ್ಲಿ ಇಟ್ಟುಕೊಂಡರೂ ಎರಡು ತಾಲೂಕಿನವರು ದೂರವಾಯಿತು ಎಂದು ಗೊಣಗುತ್ತೇವೆ. ನಮ್ಮ ಹಾಡುಗಳು ಒಟ್ಟು ಹನ್ನೊಂದು. ಅದರಲ್ಲಿ ಜನ ಕೇಳುವುದು ಒಂದೇ, 'ಇನ್ನೊಂದು ಸೌಟು'. ಮದುವೆಯೂಟದ ಪಂಕ್ತಿಯಲ್ಲಿ ಕುಳಿತವನೊಬ್ಬ ಅಪ್ಪೆಹುಳಿ ಬಡಿಸುವವನನ್ನು ಮತ್ತೆ ಮತ್ತೆ ಕರೆಯುವ ಹಾಡು ಅದು. ಕರೆಯುತ್ತ ಕರೆಯುತ್ತ ಅವನಿಗೆ ಅಲ್ಲಿಯೇ ನಿದ್ದೆ ಹತ್ತುತ್ತದೆ. ನಮ್ಮ ಕಡೆಯ ಜನಕ್ಕೆ ಇದಕ್ಕಿಂತ ಗಂಭೀರವಾದ ವಸ್ತು ಬೇಡವಲ್ಲ, ಹಾಡು ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ಆಮೇಲೆ ಶುರುವಾಯಿತು ವಿಚಾರಣೆ. "ಸರ್, ಎರಡನೇ ಸಾಲಿಗೆ ಗಿಟಾರಲ್ಲಿ ಎಂತ ಹಿಡೀತ್ರಿ?" ಎಂದು ದಿನಕ್ಕೆ ಇಬ್ಬರಾದರೂ ಫೋನ್ ಮಾಡಿ ಕೇಳತೊಡಗಿದರು.

"ಭಾನುವಾರ ನಿಮ್ಮ ಅಂಗಡಿ ಮಾಳಿಗೆ ಖಾಲಿ ಇರ್ತದಲ್ಲ ಸರ್, ಒಂದು ಪಾಠ ಶುರು ಮಾಡಿ. ನಮ್ಮ ಹಾಡು ನಾಲ್ಕು ಜನರ ಕೈಗೆ ಹೋಗಲಿ" ಎಂದಳು ವಿನುತಾ. ಟೀಚರ ಮಾತು, ತೆಗೆದುಹಾಕುವ ಹಾಗಿಲ್ಲ. ನಾನು ಕೆಳಗೆ ಬೋರ್ಡು ತೂಗುಹಾಕಿದೆ. ಕೂದಲು ಇಳಿಬಿಟ್ಟ ಕಾಲೇಜು ಹುಡುಗರು ಬಂದಾರು ಎಂದುಕೊಂಡಿದ್ದೆ. ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೆಟ್ಟಿಲು ಹತ್ತಿ ಬಂದವರಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ಮನ್ಮನೆ ಎಂಬ ಹಳ್ಳಿಯ ಗಣಪಣ್ಣ. ವಯಸ್ಸು ಅರವತ್ತೊಂದು. ಮೊಮ್ಮಗಳು ಆಸೆಪಟ್ಟು ತರಿಸಿಕೊಂಡು ಹದಿನೈದು ದಿನಕ್ಕೆ ಬಿಟ್ಟುಹಾಕಿದ ಗಿಟಾರನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಸಿದ್ದಾಪುರದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಹಿಂದೆ ಯಲ್ಲಾಪುರದ ಮಾಲತಿ. ಆಕೆ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಉಳಿದ ಐವರನ್ನು ಹೆಸರಿಸುವುದಿಲ್ಲ, ಅವರು ನಮ್ಮ ಗಿರಾಕಿಗಳು.

ಇನ್ನು ನನ್ನ ಬೆರಳಿನ ವಿಷಯ ಹೇಳಲೇಬೇಕು. ನನ್ನ ಎಡಗೈಯ ಉಂಗುರದ ಬೆರಳು ಮಡಚುವುದಿಲ್ಲ. ಕೇಳಿದವರಿಗೆ ಅಡಿಕೆ ಸುಲಿಯುವ ಕತ್ತಿ ತಾಗಿತು ಎನ್ನುತ್ತಿದ್ದೆ. ಅದರಲ್ಲಿ ಸ್ವಲ್ಪ ಶೌರ್ಯವಿದೆ. ನಿಜವಾಗಿ ಅದು ಸಿಕ್ಕಿಕೊಂಡದ್ದು ಮಡಚುವ ಕುರ್ಚಿಯಲ್ಲಿ, ಸೋದರಮಾವನ ಮನೆಯ ಸತ್ಯನಾರಾಯಣ ಪೂಜೆಗೆ ಕುರ್ಚಿ ಹಾಕುವಾಗ. ಎಣ್ಣೆ ಹಚ್ಚಿ ತಿಕ್ಕುವವರೊಬ್ಬರ ಹತ್ತಿರ ಹೋದೆ. ಅವರು ಎಷ್ಟು ಚೆನ್ನಾಗಿ ನೆಟ್ಟಗೆ ಮಾಡಿದರೆಂದರೆ ಮತ್ತೆ ಬಾಗಲೇ ಇಲ್ಲ. ಗಿಟಾರ್ ಹಿಡಿದದ್ದು ಅದರ ನಂತರ. ಗಿಟಾರಿನಲ್ಲಿ ಕಾರ್ಡ್ ಎಂದರೆ ಎರಡು ಮೂರು ಬೆರಳು ಒಟ್ಟಿಗೆ ಬೇರೆ ಬೇರೆ ತಂತಿ ಒತ್ತಿ ಹಿಡಿಯುವುದು. ನಾನು ಉಳಿದ ಬೆರಳುಗಳಲ್ಲಿ ಆಗುವಷ್ಟು ಒತ್ತಿ, ಉಂಗುರದ ಬೆರಳಿನ ಪಾಲಿನ ತಂತಿಯನ್ನು ಮುಟ್ಟದೆ ಬಿಟ್ಟೆ. ನಮ್ಮ ಹನ್ನೊಂದೂ ಹಾಡು ಹುಟ್ಟಿದ್ದು ಹೀಗೆ, ಒಂದೊಂದು ಸ್ವರ ಬಿಟ್ಟುಕೊಂಡು. ಒಮ್ಮೆ ನಮ್ಮ ಕಾರ್ಯಕ್ರಮದ ಬಗ್ಗೆ ಊರಿನ ಪತ್ರಿಕೆಯಲ್ಲಿ ಬರೆದವರೊಬ್ಬರು, ಗಿಟಾರಿನ ನಡುವೆ ಬರುವ ಮೌನದಲ್ಲಿ ಇಡೀ ಮಲೆನಾಡು ಇದೆ ಎಂದಿದ್ದರು. ಆ ಮೌನದಲ್ಲಿ ಇದ್ದದ್ದು ಸೋದರಮಾವನ ಕುರ್ಚಿ. ಆದರೆ ಹೊಗಳಿದವರನ್ನು ತಿದ್ದುವುದು ಯಾವ ಸಂಸ್ಕೃತಿ? ನಾನು ಆ ಪತ್ರಿಕೆಯ ತುಂಡನ್ನು ಕತ್ತರಿಸಿ ಅಂಗಡಿಯ ಮೇಜಿನ ಗಾಜಿನ ಕೆಳಗೆ ಇಟ್ಟೆ.

ಹಾಗಾಗಿ ಮೊದಲ ದಿನ ಗಿರಾಕಿಯೊಬ್ಬರು "ಸರ್, ಆ ಒಂದು ಬೆರಳು ಯಾಕೆ ಮೇಲೆ ಎತ್ತಿದ್ರಿ?" ಎಂದು ಕೇಳಿದಾಗ ನನ್ನ ಬಾಯಿಗೆ ಕುರ್ಚಿ ಬರಲಿಲ್ಲ. ಏಳು ಜನ ನನ್ನ ಮುಖವನ್ನೇ ನೋಡುತ್ತಿದ್ದರು. "ಅದೇ ನಮ್ಮ ಬ್ಯಾಂಡಿನ ಶೈಲಿ. ಆ ಬೆರಳನ್ನು ಗಾಳಿಯಲ್ಲಿ ಬಿಡಬೇಕು, ಆಗ ತಂತಿ ಉಸಿರಾಡ್ತದೆ" ಎಂದೆ. ಹೇಳಿ ಮುಗಿಸುವ ಮೊದಲೇ ಇಬ್ಬರು ನೋಟುಪುಸ್ತಕದಲ್ಲಿ ಬರೆದುಕೊಂಡರು. ಕಣ್ಣು ಪರೀಕ್ಷೆಗೆ ಬಂದವರು ಗೋಡೆಯ ಅಕ್ಷರಗಳನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ಬಂದು ನನ್ನೆದುರು ಗಡಗಡ ಓದುವುದುಂಟು. ಅಂಥವರಿಗೆ ನಾನು ಯಾವಾಗಲೂ ಒಂದು ಸಣ್ಣ ಉಪದೇಶ ಮಾಡುತ್ತೇನೆ. ಅವತ್ತು ಆ ಉಪದೇಶ ನನಗೇ ನೆನಪಾಗಿ ಸ್ವಲ್ಪ ಕೆಮ್ಮು ಬಂತು.

ಸುಳ್ಳು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮಡಚುವ ಬೆರಳನ್ನು ಮಡಚದೆ ಇಟ್ಟುಕೊಳ್ಳುವುದು ಬಲು ಕಷ್ಟ. ಉಳಿದ ಬೆರಳು ಬಾಗಿದರೆ ಅದೂ ತಾನಾಗಿ ಬಾಗುತ್ತದೆ. ಗಣಪಣ್ಣ ಮೂರನೇ ವಾರ ಒಂದು ಉಪಾಯದೊಂದಿಗೆ ಬಂದರು. ಅಡಿಕೆ ಹಾಳೆಯನ್ನು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ, ಉಂಗುರದ ಬೆರಳಿಗೆ ಇಟ್ಟು, ನೂಲಿನಿಂದ ಬಿಗಿಯಾಗಿ ಸುತ್ತಿಕೊಂಡಿದ್ದರು. ಬೆರಳು ಧ್ವಜಸ್ತಂಭದ ಹಾಗೆ ನಿಂತಿತ್ತು. "ಈಗ ಅಡ್ಡಿಲ್ಲೆ ತಮಾ, ತಂತಿ ಉಸಿರಾಡ್ತು" ಎಂದರು. ಉಳಿದವರು ಸುತ್ತ ನೆರೆದು ನೋಡಿದರು. ಮುಂದಿನ ವಾರ ಗಣಪಣ್ಣ ಇನ್ನೂ ಐದು ಪಟ್ಟಿ ಮಾಡಿ ತಂದು ಹಂಚಿದರು. ನನ್ನೆದುರು ಆರು ಜನ, ಆರು ಧ್ವಜಸ್ತಂಭ. ಮಾಲತಿ ಮಾತ್ರ "ನನಗೆ ಬೇಡ, ಡ್ಯೂಟಿಗೆ ತೊಂದರೆ ಆಗ್ತದೆ" ಎಂದು ಹಾಗೆಯೇ ಕುಳಿತಳು. ಈಕೆಗೆ ಶ್ರದ್ಧೆ ಸಾಲದು ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಇಲ್ಲಿ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಅಷ್ಟರಲ್ಲಿ ಯಾವುದೋ ಕೆಲಸಕ್ಕೆ ಶಿರಸಿಗೆ ಬಂದಿದ್ದ ರಫೀಕ್ ಮೇಲೆ ಹತ್ತಿ ಬಂದ. ಬಾಗಿಲಲ್ಲಿ ನಿಂತು ಒಂದೊಂದೇ ಕೈ ನೋಡಿದ. ನನ್ನನ್ನು ಹೊರಗೆ ಕರೆದು, "ಏನ್ರೀ ಮಾಸ್ತರ್ರೆ, ಇವರದ್ದೆಲ್ಲ ಬೆರಳು ಕುರ್ಚೀಲಿ ಸಿಕ್ಕೊಂಡಿತ್ತೇನ್ರೀ?" ಎಂದ. ನಾನು ಅವನಿಗೆ ಚಹಾ ಕುಡಿಸಿ ಕಳಿಸಿದೆ.

ಆ ವಾರದ ಮಂಗಳವಾರ ಗಣಪಣ್ಣನ ಹೆಂಡತಿ ಪಾರ್ವತಕ್ಕ ಅಂಗಡಿಗೆ ಬಂದರು. ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿದೆ. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೂ ತಪ್ಪಿಲ್ಲದೆ ಓದಿ, ಸೆರಗು ಸರಿಮಾಡಿಕೊಂಡು ಕುಳಿತರು.

"ತಮಾ, ಕಣ್ಣಿಗೆ ಎಂತೂ ಆಯ್ದಿಲ್ಲೆ. ಇವರ ಬೆರಳಿನ ವಿಷ್ಯ ಮಾತಾಡಕ್ಕು ಹೇಳಿ ಬಂದೆ" ಎಂದರು.

ನಾನು ಕನ್ನಡಕ ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಂಡೆ. ಒರೆಸಲು ಕೈಯಲ್ಲಿ ಕನ್ನಡಕ ಇರಲಿಲ್ಲ.

"ಎತ್ತಿದ ಬೆರಳು ಇಳಿಸ್ತ್ವಿಲ್ಲೆ. ಚಾ ಲೋಟ ಹಿಡಿವಾಗ್ಲೂ ಹಂಗೇಯ. ಹಾಲು ಕರೆಯಲೆ ಕೂತ್ರೆ ಆ ಬೆರಳು ದನದ ಹೊಟ್ಟೆಗೆ ಚುಚ್ಚ್ತು. ಎರಡು ಸಲ ಒದ್ದಾತು. ಎಂತಕ್ಕೆ ಹೇಳಿ ಕೇಳಿದ್ರೆ ಮಾಸ್ತರ್ರು ಹೇಳಿದ್ದ, ತಂತಿ ಉಸಿರಾಡಕ್ಕು ಹೇಳ್ತ. ತಂತಿ ಉಸಿರಾಡದು ಇರ್ಲಿ ತಮಾ, ಮನೆ ದನ ಹಾಲು ಕೊಡ್ತಿಲ್ಲೆ."

ನಗು ಬರಬೇಕಾದ ಜಾಗ. ಆದರೆ ಪಾರ್ವತಕ್ಕ ಮುಂದುವರಿಸಿದರು. ಬೆರಳಿನ ಗೆಣ್ಣು ಊದಿದೆಯಂತೆ. ನೋವಾಗುತ್ತದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲವಂತೆ, ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕೂರುತ್ತಾರಂತೆ. ಈ ವಯಸ್ಸಿನಲ್ಲಿ ತನಗೂ ಒಂದು ವಿದ್ಯೆ ಹತ್ತಿತು ಎಂಬ ಖುಷಿಯಲ್ಲಿ ಇದ್ದಾರಂತೆ, ಅದಕ್ಕೇ ಬೇಡ ಎನ್ನಲು ತನಗೂ ಮನಸ್ಸಾಗುವುದಿಲ್ಲವಂತೆ. ನಾನು ಕುರ್ಚಿಯ ಕಥೆಯನ್ನು ಅಲ್ಲಿಯೇ ಹೇಳಿಬಿಡಬೇಕಾಗಿತ್ತು. "ಭಾನುವಾರ ಸರಿಮಾಡ್ತೆ ಅಕ್ಕಾ" ಎಂದಷ್ಟೇ ಹೇಳಿದೆ. ಬುಧವಾರದಿಂದ ಶನಿವಾರದವರೆಗೆ ಊಟ ರುಚಿಸಲಿಲ್ಲ. ಯಾರೂ ಪಾಠಕ್ಕೆ ಬಾರದೆ ಹೋಗಲಿ ಎಂದು ಆಸೆಪಟ್ಟೆ. ಭಾನುವಾರ ಎಲ್ಲರೂ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದರು.

ಗಿಟಾರನ್ನು ಬದಿಗಿಟ್ಟು, ಎಡಗೈ ಚಾಚಿ, ಸತ್ಯನಾರಾಯಣ ಪೂಜೆಯಿಂದ ಶುರುಮಾಡಿ ಎಲ್ಲ ಹೇಳಿದೆ. ಶೈಲಿ ಎಂಬುದು ಸುಳ್ಳು, ಉಸಿರು ಎಂಬುದು ಇನ್ನೂ ದೊಡ್ಡ ಸುಳ್ಳು, ನನ್ನಿಂದ ನಿಮಗೆಲ್ಲ ನೋವಾಯಿತು, ಇನ್ನು ಸುಳ್ಳು ಹೇಳುವುದಿಲ್ಲ, ಮುಂದಿನ ವಾರದಿಂದ ನೀವು ಬರದಿದ್ದರೂ ಬೇಸರವಿಲ್ಲ ಎಂದೆ. ಮೊದಲು ಮಾತಾಡಿದವಳು ಮಾಲತಿ.

"ಮೊದಲನೇ ದಿನವೇ ಗೊತ್ತಾಗಿತ್ತು ಸರ್. ಆ ಬೆರಳಿನ ಗೆಣ್ಣು ಕೂಡಿಕೊಂಡಿದೆ ನಿಮಗೆ. ನಾವು ದಿನಾ ನೋಡ್ತೇವಲ್ಲ."

"ಮತ್ತೆ ಹೇಳಲಿಲ್ಲ ಯಾಕೆ?"

"ನೀವು ಅಷ್ಟು ಚೆಂದ ಮಾಡಿ ವಿವರಿಸ್ತಾ ಇದ್ರಿ. ನಡುವೆ ಬಾಯಿ ಹಾಕುದು ಹೆಂಗೆ?"

ಗಣಪಣ್ಣ ನೂಲು ಬಿಚ್ಚುತ್ತಿದ್ದರು. ಹಾಳೆಯ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು, ಊದಿದ ಬೆರಳನ್ನು ಮೆಲ್ಲಗೆ ಎರಡು ಸಲ ಮಡಚಿ ನೋಡಿದರು. ಸಿಟ್ಟು ಬಂದಿರಬೇಕು ಎಂದು ನಾನು ತಲೆ ತಗ್ಗಿಸಿದೆ. "ತಮಾ, ಹಂಗಾರೆ ಈ ಬೆರಳು ಕೆಳಗೆ ಇಟ್ರೆ ತಪ್ಪಿಲ್ಲೆ ಅಲ್ದ?" ಎಂದರು. ತಪ್ಪಿಲ್ಲ ಎಂದೆ. ಎಲ್ಲಿ ಇಡಬೇಕು ಎಂದು ಕೇಳಿದರು. ಗಿಟಾರ್ ಕಲಿಸುವ ಪುಸ್ತಕವೊಂದರ ಚಿತ್ರ ನೋಡಿ ಜಾಗ ತೋರಿಸಿದೆ. ನನ್ನ ಕೈಗೆ ಗೊತ್ತಿಲ್ಲದ ಜಾಗ ಅದು.

ತೋಟದ ಕೆಲಸ ಮಾಡಿದ ದಪ್ಪ ಬೆರಳು ಅಲ್ಲಿ ಗಟ್ಟಿಯಾಗಿ ಕೂತಿತು. ಗಣಪಣ್ಣ ಬಲಗೈಯಿಂದ ಮೇಲಿಂದ ಕೆಳಕ್ಕೆ ಒಂದು ಸಲ ಎಳೆದರು. ನನ್ನ ಹಾಡಿನ ಎರಡನೇ ಸಾಲು. ಎಷ್ಟೋ ವೇದಿಕೆಯಲ್ಲಿ ನಾನೇ ನುಡಿಸಿದ್ದು, ಆದರೆ ಹೀಗೆ ತುಂಬಿಕೊಂಡು ಬಂದದ್ದನ್ನು ಎಂದೂ ಕೇಳಿರಲಿಲ್ಲ. ಬಾಗಿಲೊಂದು ಅರ್ಧ ತೆರೆದೇ ಇದ್ದ ಮನೆಯಲ್ಲಿ ಇಷ್ಟು ವರ್ಷ ಇದ್ದು, ಯಾರೋ ಬಂದು ಪೂರ್ತಿ ತಳ್ಳಿದ ಹಾಗಾಯಿತು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಅದು ಮೂರನೇ ಸುಳ್ಳಾದೀತು. ಸ್ವಲ್ಪ ಆಯಿತು. ಆದರೆ ಎರಡನೇ ಸಲ ಎಳೆಯಲಿ ಎಂಬ ಆಸೆ ಅದಕ್ಕಿಂತ ದೊಡ್ಡದಿತ್ತು. "ಇನ್ನೊಂದು ಸಲ ಗಣಪಣ್ಣ" ಎಂದೆ. ಅವರು ನುಡಿಸಿದರು. ಉಳಿದವರೂ ಪಟ್ಟಿ ಬಿಚ್ಚಿದರು. ಮಧ್ಯಾಹ್ನ ಒಂದೂವರೆಯಾದರೂ ಯಾರೂ ಮೇಲೆ ಏಳಲಿಲ್ಲ. ಮುಂದಿನ ವಾರ ಬಾಳೆಲೆಯಲ್ಲಿ ಸುತ್ತಿದ ತೊಡದೇವು, ಅಂದರೆ ಕಬ್ಬಿನ ಹಾಲಿನ ತೆಳ್ಳನೆಯ ಸಿಹಿತಿಂಡಿ ಬಂತು. ಪಾರ್ವತಕ್ಕ ಕಳಿಸಿದ್ದಂತೆ. ದನ ಹಾಲು ಕೊಡುತ್ತಿದೆಯಂತೆ.

ಪಾಠದವರ ಗಿಟಾರಿನ ಸುದ್ದಿ ವಿನುತಾಳಿಗೆ ಹೇಳಿದೆ. ಅವಳು ಬಂದು ಕೇಳಿ, ಇನ್ನು ಮುಂದೆ ಈ ಹಾಡಿಗೆ ಅವರೆಲ್ಲ ನಮ್ಮ ಜೊತೆ ಕೂರಲಿ ಎಂದು ತೀರ್ಮಾನ ಕೊಟ್ಟಳು. ಮಾಲತಿಯ ತಂಗಿಯ ಮದುವೆ ಯಲ್ಲಾಪುರದಲ್ಲಿ ಇತ್ತು. ಊಟದ ಮನೆಯ ಒಂದು ಬದಿಗೆ ನಾವು ಕುಳಿತೆವು. ನಡುವೆ ಗಣಪಣ್ಣ, ಅವರ ಪಕ್ಕದಲ್ಲಿ ನಾನು. ಅಪ್ಪೆಹುಳಿ ಬರುವ ಹೊತ್ತಿಗೆ ಸರಿಯಾಗಿ ಹಾಡು ಎತ್ತಿದೆವು. ನಾನು ಬಿಟ್ಟ ಸ್ವರವನ್ನು ಏಳು ಗಿಟಾರುಗಳು ತುಂಬಿದವು. ಬಡಿಸುವವರು ರಫೀಕನ ತಾಳಕ್ಕೆ ಸೌಟು ಎತ್ತಿ ಇಳಿಸಿದರು. ಪಂಕ್ತಿಯಲ್ಲಿದ್ದವರು ಬೇಕೋ ಬೇಡವೋ ಇನ್ನೊಂದು ಸೌಟು ಹಾಕಿಸಿಕೊಂಡರು. ನನಗೆ ಅಷ್ಟು ನೆಮ್ಮದಿಯಾದ ಕಾರ್ಯಕ್ರಮ ಇನ್ನೊಂದು ನೆನಪಿಲ್ಲ.

ಕೊನೆಯ ಪಂಕ್ತಿಯಲ್ಲಿ ನಾನು ಊಟಕ್ಕೆ ಕುಳಿತಾಗ ಪಕ್ಕದ ಎಲೆಯ ಹಿರಿಯರೊಬ್ಬರು ನನ್ನ ಕಡೆ ತಿರುಗಿದರು. "ನೀವು ಆ ದೊಡ್ಡವರ ಹತ್ರ ಕಲೀತಾ ಇರುದಾ? ನಾನು ನಿಮ್ಮನ್ನೇ ನೋಡ್ತಾ ಇದ್ದೆ. ಒಂದು ಬೆರಳು ಇನ್ನೂ ಕೂರ್ತಾ ಇಲ್ಲ ನಿಮ್ದು. ಬಿಡಬೇಡಿ, ತಾಳ್ಮೆಯಿಂದ ಹೇಳಿಕೊಡುವವರ ಹಾಗೆ ಕಾಣ್ತಾರೆ" ಎಂದರು. ಹೌದು, ತುಂಬ ತಾಳ್ಮೆ ಎಂದೆ. ಶುರುಮಾಡಿ ಎಷ್ಟು ದಿನವಾಯಿತು ಎಂದು ಕೇಳಿದರು. ಇನ್ನು ಸುಳ್ಳು ಹೇಳುವುದಿಲ್ಲ ಎಂದು ಮಾಳಿಗೆಯ ಮೇಲೆ ಏಳು ಜನರ ಎದುರು ಒಪ್ಪಿಕೊಂಡವನು ನಾನು. ಆದರೆ ಹದಿನೆಂಟು ವರ್ಷ ಎಂದರೆ ಊಟದ ಹೊತ್ತಿನಲ್ಲಿ ಆ ಹಿರಿಯರು ಸುಮ್ಮನೆ ನೊಂದುಕೊಳ್ಳುತ್ತಾರೆ. "ಈಗೊಂದು ಆರು ತಿಂಗಳಾಯ್ತು" ಎಂದೆ.

"ಹಂಗಾದ್ರೆ ಅಡ್ಡಿಲ್ಲ. ಬೇಗ ಹಿಡಿದಿದ್ರಿ" ಎಂದರು.

ನನ್ನ ಗಿಟಾರಿನ ಬಗ್ಗೆ ಅಂಥ ಮೆಚ್ಚುಗೆ ಬಂದದ್ದು ಅದೇ ಮೊದಲು. ಎಲೆ ಮಡಚಿ ಎದ್ದು ಕೈ ತೊಳೆಯಲು ಹೋದಾಗಲೂ ಮುಖದ ಮೇಲಿನ ನಗು ಹೋಗಿರಲಿಲ್ಲ ಎಂದು ರಫೀಕ್ ಈಗಲೂ ಹೇಳುತ್ತಾನೆ.